ಸೊನ್ನೆ ಬೇರೆ, ಗೈರುಹಾಜರಿ ಬೇರೆ

ಮೂವತ್ತೈದು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನಿಗೆ ಐಸ್ ಹಾಕಿಯ ಬಗ್ಗೆ ಬರೆಯಲು ಏನು ಯೋಗ್ಯತೆ ಎಂದು ಯಾರಾದರೂ ಕೇಳಿದರೆ, ಯಾವ ಯೋಗ್ಯತೆಯೂ ಇಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಬಾಲ್ಯದಲ್ಲಿ ಐಸ್ ಎಂದರೆ ಜಾತ್ರೆಯಲ್ಲಿ ಕಡ್ಡಿಗೆ ಅಂಟಿಕೊಂಡು ಬರುತ್ತಿದ್ದ ಐಸ್ ಕ್ಯಾಂಡಿ ಅಷ್ಟೆ. ಅದರ ಮೇಲೆ ಮನುಷ್ಯರು ಕೋಲು ಹಿಡಿದು ಜಾರುತ್ತಾ ಆಡುತ್ತಾರೆ, ಆ ಆಟಕ್ಕಾಗಿ ಒಂದು ದೇಶಕ್ಕೆ ದೇಶವೇ ಊಟ ಬಿಟ್ಟು ಕೂರುತ್ತದೆ ಎಂಬುದು ತಿಳಿದದ್ದು ಮಗಳು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಸಂಸಾರ ಹೂಡಿದ ಮೇಲೆ.

ಅವಳ ಮಗನಿಗೆ ಈಗ ಹದಿನೈದು ವರ್ಷ. ಕನ್ನಡ ಅರ್ಥವಾಗುತ್ತದೆ, ಮಾತು ಸ್ವಲ್ಪ ತಡವರಿಸುತ್ತದೆ. ಆದರೆ ಹಾಕಿ ಆಟಗಾರರ ಅಂಕಿ ಅಂಶ ಹೇಳುವಾಗ ಮಾತ್ರ ಮಗ್ಗಿ ಒಪ್ಪಿಸುವ ಹುಡುಗನಂತೆ ನಿರರ್ಗಳ. ರಾತ್ರಿ ಊಟಕ್ಕೆ ಕುಳಿತರೆ ಅವನಿಗೂ ಅಳಿಯಂದಿರಿಗೂ ನಡೆಯುವ ವಾಗ್ವಾದ ಒಂದೇ. ಆಟ ಬಿಟ್ಟ ಮೇಲೆ ಹಾಕಿ ಹಾಲ್ ಆಫ್ ಫೇಮ್ ಸೇರಲು ಯಾರು ಅರ್ಹರು, ಯಾರು ಅಲ್ಲ? ಮೊದಮೊದಲು ನಾನು ಸಾರು ಅನ್ನ ಕಲೆಸಿಕೊಳ್ಳುತ್ತಾ ಸುಮ್ಮನಿರುತ್ತಿದ್ದೆ. ಆದರೆ ಅಂಕ, ಸರಾಸರಿ, ಶೇಕಡಾ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಗಣಿತದ ಮೇಷ್ಟರು ಎಷ್ಟು ದಿನ ಸುಮ್ಮನಿರಲು ಸಾಧ್ಯ?

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದೊಂದು ತಂಡದಿಂದ ಆರು ಮಂದಿ ಕಣದಲ್ಲಿರುತ್ತಾರೆ, ಅವರಲ್ಲೊಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷಗಳ ಮೂರು ಅವಧಿ. ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಅವನಿಗೆ ಪಕ್ ದಾಟಿಸಿಕೊಟ್ಟವರಿಗೂ, ಇಬ್ಬರ ತನಕ, ಒಂದೊಂದು ಪಾಯಿಂಟ್. ಲೆಕ್ಕ ಇಡುವಾಗ ಗೋಲಿಗೂ ನೆರವಿಗೂ ಒಂದೇ ಬೆಲೆ ಕೊಡುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ಎನ್.ಎಚ್.ಎಲ್. ಎಂಬುದು 1917ರಲ್ಲಿ ಆರಂಭವಾದ ವೃತ್ತಿಪರ ಲೀಗ್. ಅದನ್ನು ಗೆದ್ದವರಿಗೆ ಸಿಗುವುದು ಸ್ಟಾನ್ಲಿ ಕಪ್.

2025ರ ನವೆಂಬರಿನ ಒಂದು ಶನಿವಾರ ಮೊಮ್ಮಗ ನನ್ನನ್ನು ಆ ಹಾಲ್ ಆಫ್ ಫೇಮ್‌ಗೇ ಕರೆದುಕೊಂಡು ಹೋದ. ಟೊರಾಂಟೊ ನಗರದ ಯಂಗ್ ಸ್ಟ್ರೀಟ್ ಮತ್ತು ಫ್ರಂಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಬ್ಯಾಂಕ್ ಆಫ್ ಮಾಂಟ್ರಿಯಲ್‌ನ 1885ರ ಹಳೆಯ ಕಟ್ಟಡವಿದೆ. 1993ರಿಂದ ಹಾಕಿಯ ಈ ಕೀರ್ತಿಮಂದಿರ ಇರುವುದು ಅಲ್ಲೇ. ಒಳಗೆ ಬಣ್ಣದ ಗಾಜಿನ ಗುಮ್ಮಟ, ಅದರ ಕೆಳಗೆ ಗೋಡೆಯ ಉದ್ದಕ್ಕೂ ಗೌರವ ಪಡೆದವರ ಮುಖಚಿತ್ರಗಳ ಫಲಕಗಳು. ಬ್ಯಾಂಕಿನವರು ಹಣ ಇಡುತ್ತಿದ್ದ ಭದ್ರ ಕೋಣೆಯಲ್ಲಿ, 1892ರಲ್ಲಿ ಗವರ್ನರ್ ಜನರಲ್ ಲಾರ್ಡ್ ಸ್ಟಾನ್ಲಿ ಕೊಟ್ಟ ಮೂಲ ಬೆಳ್ಳಿ ಬಟ್ಟಲು ಇದೆ. ಜನ ಅಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತಾರೆ. ನನಗರಿವಿಲ್ಲದೆ ಚಪ್ಪಲಿ ಬಿಡಲು ಜಾಗ ಹುಡುಕಿದೆ ಎಂದರೆ ನೀವು ನಗಬಾರದು.

ಆಯ್ಕೆಯ ನಿಯಮಗಳನ್ನು ಮೊಮ್ಮಗ ಬಾಯಿಪಾಠ ಹೇಳಿದ. ಆಟ ನಿಲ್ಲಿಸಿ ಮೂರು ವರ್ಷ ಕಳೆದಿರಬೇಕು. ಸಮಿತಿಯಲ್ಲಿ ಹದಿನೆಂಟು ಜನ. ಮುಕ್ಕಾಲು ಪಾಲು ಮತ ಬೇಕು. ಹದಿನೆಂಟರ ಮುಕ್ಕಾಲು ಹದಿಮೂರೂವರೆ, ಅರ್ಧ ಮನುಷ್ಯ ಇರಲಾರನಾದ್ದರಿಂದ ಹದಿನಾಲ್ಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ವರು ಪುರುಷ ಆಟಗಾರರು, ಇಬ್ಬರು ಮಹಿಳೆಯರು. ಇಷ್ಟನ್ನು ಕೇಳಿ, ಪರವಾಗಿಲ್ಲ, ಶಿಸ್ತಿನ ವ್ಯವಸ್ಥೆ ಎಂದೆ.

“ಆದರೆ ತಾತ, ಯಾರಿಗೆ ಎಷ್ಟು ಮತ ಬಂತು, ಯಾಕೆ ಬರಲಿಲ್ಲ ಅಂತ ಅವರು ಹೇಳಲ್ಲ” ಎಂದ.

ನಾನು ಅದನ್ನು ಆಗ ಅಷ್ಟಾಗಿ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಮೊದಲ ಜಗಳ ಪಾಲ್ ಹೆಂಡರ್ಸನ್ ಎಂಬುವರ ಬಗ್ಗೆ. 1972ರಲ್ಲಿ ಕೆನಡಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಎಂಟು ಪಂದ್ಯಗಳ ಸರಣಿ ನಡೆಯಿತು. ನಾಲ್ಕು ಕೆನಡಾದಲ್ಲಿ, ನಾಲ್ಕು ಮಾಸ್ಕೋದಲ್ಲಿ. ಆಟ ನಮ್ಮದು, ಎಂಟೂ ಗೆಲ್ಲುತ್ತೇವೆ ಎಂದುಕೊಂಡಿದ್ದವರಿಗೆ ಮೊದಲ ಪಂದ್ಯದಲ್ಲೇ 7-3ರ ಸೋಲು. ಕೊನೆಗೆ ಏಳು ಪಂದ್ಯ ಮುಗಿದಾಗ ಸಮಸಮ. ಸೆಪ್ಟೆಂಬರ್ 28ರಂದು ಎಂಟನೆಯ ಪಂದ್ಯ ಮುಗಿಯಲು 34 ಸೆಕೆಂಡು ಇದ್ದಾಗ ಹೆಂಡರ್ಸನ್ ಹೊಡೆದ ಗೋಲಿನಿಂದ ಕೆನಡಾ ಗೆದ್ದಿತು. ಆರನೆಯ ಮತ್ತು ಏಳನೆಯ ಪಂದ್ಯಗಳ ಗೆಲುವಿನ ಗೋಲೂ ಅವರದೇ. ಅಷ್ಟಾದರೂ 2025ರ ಆಯ್ಕೆ ಮುಗಿಯುವವರೆಗೆ ಅವರಿಗೆ ಇಲ್ಲಿ ಫಲಕವಿಲ್ಲ.

ಇದು ಅನ್ಯಾಯ ಎಂದೆ. ಒಂದು ದೇಶ ಐವತ್ತು ವರ್ಷ ಮರೆಯದ ಗೋಲು ಹೊಡೆದವನಿಗೆ ಜಾಗವಿಲ್ಲವೆಂದರೆ ಕೀರ್ತಿ ಎಂದರೇನು?

ಮೊಮ್ಮಗ ಬೆರಳು ಮಡಚುತ್ತಾ ಹೇಳಿದ. ಹೆಂಡರ್ಸನ್ ಎನ್.ಎಚ್.ಎಲ್.ನಲ್ಲಿ ಆಡಿದ್ದು 707 ಪಂದ್ಯ, ಹೊಡೆದದ್ದು 236 ಗೋಲು. ಒಳ್ಳೆಯ ಆಟಗಾರ, ಆದರೆ ಅಂಥವರು ಬಹಳ ಮಂದಿ ಇದ್ದಾರೆ. ಕ್ಯಾಮ್ ನೀಲಿ ಗಾಯಗಳ ಕಾಟದಿಂದ ಬೇಗ ನಿವೃತ್ತನಾದ. ಹೆಚ್ಚು ಕಡಿಮೆ ಅಷ್ಟೇ ಪಂದ್ಯ, 726. ಗೋಲು 395. ಅವನು 2005ರಲ್ಲಿ ಒಳಗೆ ಬಂದ. “ಒಂದು ಪೇಪರಲ್ಲಿ ನೂರಕ್ಕೆ ನೂರು ತೆಗೆದವನಿಗೆ ನೀವು ಫಸ್ಟ್ ರ‍್ಯಾಂಕ್ ಕೊಡ್ತಿದ್ರಾ ತಾತ?”

ಕೊಡುತ್ತಿರಲಿಲ್ಲ. ಕೊಟ್ಟೂ ಇಲ್ಲ. ಮೂವತ್ತೈದು ವರ್ಷ ನಾನು ಪೋಷಕರಿಗೆ ಹೇಳುತ್ತಿದ್ದ ಮಾತನ್ನೇ ಅವನು ನನಗೆ ತಿರುಗಿಸಿ ಹೇಳಿದ್ದ. ಒಂದು ದಿನದ ಗೋಲನ್ನು ಜನ ನೆನಪಿಡುತ್ತಾರೆ, ಅದು ಅದರ ಗೌರವ. ಇಡೀ ಆಯುಷ್ಯದ ಆಟವನ್ನು ಅಳೆಯುವ ಫಲಕ ಬೇರೆ. ಅರ್ಧ ಒಪ್ಪಿದೆ, ಅರ್ಧ ಹಾಗೇ ಉಳಿಸಿಕೊಂಡೆ.

ಎರಡನೆಯ ಜಗಳದಲ್ಲಿ ನನಗೆ ಸ್ವಲ್ಪ ಮೇಲುಗೈ. ರಷ್ಯಾದ ಅಲೆಕ್ಸಾಂಡರ್ ಮೊಗಿಲ್ನಿ 1989ರಲ್ಲಿ ಸೋವಿಯತ್ ಒಕ್ಕೂಟ ಬಿಟ್ಟು ಅಮೆರಿಕಕ್ಕೆ ಬಂದವರು. 1992-93ರ ಒಂದೇ ಋತುವಿನಲ್ಲಿ 76 ಗೋಲು, ಒಟ್ಟು 473. ಅವರ ಹೆಸರು 2009ರಿಂದಲೇ ಪರಿಗಣನೆಗೆ ಅರ್ಹವಾಗಿತ್ತು. ಆಯ್ಕೆಯಾದದ್ದು 2025ರಲ್ಲಿ. ಹದಿನಾರು ವರ್ಷ! “ಈ ಹದಿನಾರು ವರ್ಷದಲ್ಲಿ ಅವರು ಹೊಸದಾಗಿ ಎಷ್ಟು ಗೋಲು ಹೊಡೆದರಪ್ಪ?” ಎಂದು ಕೇಳಿದೆ. ಅವನು ನಕ್ಕ. 2009ರಲ್ಲೂ 473, 2025ರಲ್ಲೂ 473. ಉತ್ತರಪತ್ರಿಕೆ ಒಂದೇ, ಅಂಕ ಬೇರೆ. ಅಂದ ಮೇಲೆ ಬದಲಾದದ್ದು ಆಟಗಾರನಲ್ಲ, ಮೌಲ್ಯಮಾಪಕ. ಆಗ ಕೊಡದಿದ್ದದ್ದು ಯಾಕೆ, ಈಗ ಕೊಟ್ಟದ್ದು ಯಾಕೆ? ಸಮಿತಿ ಹೇಳುವುದಿಲ್ಲ.

“ಬೇಸ್‌ಬಾಲಿನಲ್ಲಿ ಹೇಳ್ತಾರೆ” ಎಂದ ಅಳಿಯಂದಿರು, ಅಲ್ಲಿಯೂ ಮುಕ್ಕಾಲು ಪಾಲು ಮತ ಬೇಕು, ಆದರೆ ಯಾರಿಗೆ ಎಷ್ಟು ಬಂತೆಂದು ಪ್ರಕಟಿಸುತ್ತಾರೆ ಎಂದು ವಿವರಿಸಿದರು. 2014ರಲ್ಲಿ ಕ್ರೇಗ್ ಬಿಜಿಯೊ ಎಂಬ ಆಟಗಾರ ಶೇಕಡಾ 74.8 ಮತ ಪಡೆದು, ಎರಡೇ ಎರಡು ಮತಗಳಿಂದ ತಪ್ಪಿಸಿಕೊಂಡ. ಮರುವರ್ಷ ಒಳಗೆ ಹೋದ. ಎರಡು ಮತದಲ್ಲಿ ಸೋತವನಿಗೆ ಎರಡು ಮತದಲ್ಲಿ ಸೋತೆ ಎಂಬುದಾದರೂ ಗೊತ್ತಿರಬೇಕಲ್ಲ.

ಇಷ್ಟು ಹೊತ್ತೂ ನಡೆದದ್ದು ಊಟದ ಜೊತೆಗಿನ ಉಪ್ಪಿನಕಾಯಿಯಂಥ ಜಗಳ. ಮೂರನೆಯದು ಹಾಗಾಗಲಿಲ್ಲ.

ಆ ಶನಿವಾರ ಫಲಕಗಳನ್ನು ನೋಡುತ್ತಾ ಹೋದಾಗ ಹರ್ಬ್ ಕಾರ್ನೆಗಿ ಎಂಬ ಹೆಸರು ನನ್ನನ್ನು ನಿಲ್ಲಿಸಿತು. 1919ರಲ್ಲಿ ಟೊರಾಂಟೊದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. 1940ರ ದಶಕದಲ್ಲಿ ಕ್ವಿಬೆಕ್ ಪ್ರಾಂತ್ಯದ ಲೀಗಿನಲ್ಲಿ ಮೂರು ಬಾರಿ ಅತ್ಯಂತ ಮೌಲ್ಯಯುತ ಆಟಗಾರ. ಮುಂದೆ ಎನ್.ಎಚ್.ಎಲ್.ನ ದೊಡ್ಡ ಹೆಸರಾದ ಜಾನ್ ಬೆಲಿವೊ ಅವರ ಜೊತೆ ಕ್ವಿಬೆಕ್ ಏಸಸ್ ತಂಡದಲ್ಲಿ ಆಡಿದವರು. ಬೆಲಿವೊ 1972ರಲ್ಲೇ ಹಾಲ್ ಆಫ್ ಫೇಮ್ ಸೇರಿದರು. ಕಾರ್ನೆಗಿ ಎನ್.ಎಚ್.ಎಲ್.ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವರು ಉತ್ತಮವಾಗಿ ಆಡುತ್ತಿದ್ದ ವರ್ಷಗಳಲ್ಲಿ ಆ ಲೀಗಿನಲ್ಲಿ ಕಪ್ಪು ಆಟಗಾರನೇ ಇರಲಿಲ್ಲ. ಮೊದಲಿಗರಾದ ವಿಲ್ಲಿ ಓರೀ ಬೋಸ್ಟನ್ ತಂಡದ ಪರ ಕಣಕ್ಕಿಳಿದದ್ದು 1958ರ ಜನವರಿ 18ರಂದು. ಒಂದು ಕಣ್ಣಿನ ದೃಷ್ಟಿ ಇಲ್ಲದಿದ್ದರೂ 45 ಪಂದ್ಯ ಆಡಿದರು. ಅವರಿಗೆ 2018ರಲ್ಲಿ ಗೌರವ ಸಂದಿತು. ಕಾರ್ನೆಗಿ ತೊಂಬತ್ತೆರಡನೆಯ ವಯಸ್ಸಿನಲ್ಲಿ, 2012ರಲ್ಲಿ ತೀರಿಕೊಂಡರು. ಅವರ ಹೆಸರು ಇಲ್ಲಿಗೆ ಬಂದದ್ದು 2022ರಲ್ಲಿ. ಇಬ್ಬರೂ ಬಂದದ್ದು ಆಟಗಾರರಾಗಿ ಅಲ್ಲ, ಆಟವನ್ನು ಬೆಳೆಸಿದವರ ವಿಭಾಗದಲ್ಲಿ.

“ಇವರನ್ನು ಆಟಗಾರ ಎಂದೇ ಸೇರಿಸಬೇಕಿತ್ತು” ಎಂದೆ.

“ಹೇಗೆ ತಾತ? ಎನ್.ಎಚ್.ಎಲ್.ನಲ್ಲಿ ಇವರ ಪಾಯಿಂಟ್ ಸೊನ್ನೆ.”

ಹುಡುಗನ ಮಾತಿನಲ್ಲಿ ತಿರಸ್ಕಾರವೇನೂ ಇರಲಿಲ್ಲ, ಇದ್ದದ್ದು ಲೆಕ್ಕ. ಆದರೆ ಆ ‘ಸೊನ್ನೆ’ ಎಂಬ ಶಬ್ದ ಕೇಳಿದ್ದೇ ನನ್ನ ಕಣ್ಣ ಮುಂದೆ ಹಳೆಯ ಅಂಕಪಟ್ಟಿಯ ರಿಜಿಸ್ಟರು ಬಂದು ನಿಂತಿತು.

ಮೇಷ್ಟರಾಗಿದ್ದವರಿಗೆಲ್ಲ ಇದು ಗೊತ್ತು. ಪರೀಕ್ಷೆ ಬರೆದು ಏನೂ ಬಾರದವನ ಕಾಲಂನಲ್ಲಿ ‘0’ ಹಾಕುತ್ತೇವೆ. ಪರೀಕ್ಷೆಗೇ ಬಾರದವನ ಕಾಲಂನಲ್ಲಿ ‘ಗೈ’ ಎಂದು ಬರೆಯುತ್ತೇವೆ. ಎರಡೂ ಒಂದಲ್ಲ. ಸೊನ್ನೆ ಒಂದು ಅಳತೆ. ಗೈರುಹಾಜರಿ ಎಂದರೆ ಅಳೆದೇ ಇಲ್ಲ ಎಂದು ಅರ್ಥ. ಒಟ್ಟು ಕೂಡುವಾಗ ಮಾತ್ರ ಅವಸರದಲ್ಲಿ ಎರಡನ್ನೂ ಒಂದೇ ಎಂದು ಭಾವಿಸಿ ಮುಂದೆ ಹೋಗಿಬಿಡುತ್ತೇವೆ. ಕಾರ್ನೆಗಿಯವರ ಎನ್.ಎಚ್.ಎಲ್. ಕಾಲಂನಲ್ಲಿ ಇರುವುದು ಸೊನ್ನೆಯಲ್ಲ, ‘ಗೈ’. ಅದೂ ಅವರು ತಪ್ಪಿಸಿಕೊಂಡದ್ದಲ್ಲ, ಕೊಠಡಿಯೊಳಗೆ ಬಿಡದೇ ಇದ್ದದ್ದು.

ಮೊಮ್ಮಗ ಸುಲಭಕ್ಕೆ ಬಿಡುವವನಲ್ಲ. “1948ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವರನ್ನು ಕ್ಯಾಂಪಿಗೆ ಕರೆದಿದ್ರು. ಕೆಳಗಿನ ಲೀಗಿನ ತಂಡದಲ್ಲಿ ಆಡು ಅಂದ್ರು. ಅವರೇ ಬೇಡ ಅಂದ್ರು.” ನಿಜ. ಕ್ವಿಬೆಕ್‌ನಲ್ಲಿ ಅದಕ್ಕಿಂತ ಹೆಚ್ಚು ಸಂಬಳವಿತ್ತು, ಸಾಕಲು ಹೆಂಡತಿ ಮಕ್ಕಳಿದ್ದರು. ಮೂರು ಬಾರಿ ಶ್ರೇಷ್ಠ ಎನಿಸಿಕೊಂಡವನಿಗೆ ಮತ್ತೆ ಕೆಳಗಿನ ತರಗತಿಯಲ್ಲಿ ಕೂರು ಎಂದರೆ ಅದನ್ನು ಅವಕಾಶ ಎನ್ನೋಣವೇ?

“ಹಾಗಾದ್ರೆ ಬರೆಯದ ಪೇಪರಿಗೆ ಅಂದಾಜಿನಲ್ಲಿ ಅಂಕ ಕೊಡ್ತೀರಾ?”

ಇದು ಒಳ್ಳೆಯ ಪ್ರಶ್ನೆ. ಅಂದಾಜಿನಲ್ಲಿ ಅಂಕ ಕೊಡಬಾರದು, ಅದು ಬರೆದವರಿಗೆ ಮಾಡುವ ಮೋಸ. ಆದರೆ ಬರೆದ ಪೇಪರುಗಳನ್ನು ನೋಡಬಹುದಲ್ಲ? ಸೋವಿಯತ್ ತಂಡದ ವಲೇರಿ ಖರ್ಲಾಮೊವ್ ಕೂಡ ಎನ್.ಎಚ್.ಎಲ್.ನಲ್ಲಿ ಒಂದೂ ಪಂದ್ಯ ಆಡಿದವರಲ್ಲ. 1972 ಮತ್ತು 1976ರ ಒಲಿಂಪಿಕ್ ಚಿನ್ನ, ವಿಶ್ವ ಚಾಂಪಿಯನ್‌ಷಿಪ್‌ಗಳು, 1972ರ ಆ ಸರಣಿಯ ಮೊದಲ ಪಂದ್ಯದ ಎರಡು ಗೋಲು, ಇವನ್ನೆಲ್ಲ ನೋಡಿ 2005ರಲ್ಲಿ ಅವರನ್ನು ಆಟಗಾರನೆಂದೇ ಸೇರಿಸಿಕೊಂಡರು. ಬಂದ ಪೇಪರುಗಳಿಂದ ಸರಾಸರಿ ತೆಗೆಯುವ ಲೆಕ್ಕ ಸಮಿತಿಗೂ ಗೊತ್ತಿದೆ ಎಂದಾಯಿತು.

ಅಡಿಗೆಮನೆಯಿಂದ ಮಗಳು ಒಂದು ಮಾತು ಸೇರಿಸಿದಳು. “ಹೆಂಗಸರ ಪೇಪರ್ ಯಾರು ನೋಡಿದ್ರು ಅಪ್ಪ?” ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1990ರಲ್ಲಿ. ಅದರಲ್ಲಿ ಕೆನಡಾದ ಏಂಜೆಲಾ ಜೇಮ್ಸ್ ಐದು ಪಂದ್ಯಗಳಲ್ಲಿ 11 ಗೋಲು ಹೊಡೆದರು. ಒಲಿಂಪಿಕ್ಸ್‌ಗೆ ಮಹಿಳಾ ಐಸ್ ಹಾಕಿ ಬಂದದ್ದು 1998ರಲ್ಲಿ, ಅಷ್ಟರಲ್ಲಿ ಅವರ ವಯಸ್ಸು ಮೂವತ್ತು ದಾಟಿತ್ತು, ತಂಡದಿಂದ ಕೈಬಿಟ್ಟರು. ಅವರು ಮತ್ತು ಅಮೆರಿಕದ ಕ್ಯಾಮಿ ಗ್ರನಾಟೊ 2010ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಮಹಿಳೆಯರು. ಅದಕ್ಕೆ ಮೊದಲಿನ ತಲೆಮಾರುಗಳ ಕಾಲಂ ತುಂಬ ‘ಗೈ’ಗಳೇ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ಹಾಕಿಯಲ್ಲ, ಆ ರಿಜಿಸ್ಟರು.

1988. ನಾನು ಕೆಲಸ ಮಾಡುತ್ತಿದ್ದ ಹಳ್ಳಿಗಾಡಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಅತ್ಯುತ್ತಮ ವಿದ್ಯಾರ್ಥಿಗೆ ದಾನಿಗಳೊಬ್ಬರ ಹೆಸರಿನ ಬೆಳ್ಳಿ ಪದಕ ಕೊಡುವ ರೂಢಿಯಿತ್ತು. ಮುಖ್ಯೋಪಾಧ್ಯಾಯರು, ಕನ್ನಡ ಪಂಡಿತರು, ನಾನು, ಮೂವರ ಸಮಿತಿ. ವರ್ಷದ ಪರೀಕ್ಷೆಗಳ ಅಂಕ ಕೂಡುವ ಕೆಲಸ ಗಣಿತದವನಾದ ನನ್ನದು. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ಅರ್ಧವಾರ್ಷಿಕದ ಎರಡು ಪತ್ರಿಕೆಗೆ ಬಂದಿರಲಿಲ್ಲ. ಕಾಲಂನಲ್ಲಿ ‘ಗೈ’ ಎಂದು ನಾನೇ ಬರೆದಿದ್ದೆ. ಕೂಡುವಾಗ ಸೊನ್ನೆ ಎಂದು ಕೂಡಿದೆ. ಪದಕ ಎರಡನೆಯವನಿಗೆ ಹೋಯಿತು. ಅವನೂ ಒಳ್ಳೆಯ ಹುಡುಗನೇ, ಅವನ ಮೇಲೆ ನನ್ನ ದೂರಿಲ್ಲ.

ಮರುದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸಾರ್, ನಂಗೆ ಯಾಕೆ ಬರ್ಲಿಲ್ಲ ಅಂತ ಕೇಳಬಹುದಾ ಸಾರ್?” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ಎತ್ತದೆ, “ಅದು ಸಮಿತಿ ತೀರ್ಮಾನ ಕಣಮ್ಮ, ಹೋಗು” ಎಂದೆ. ಅವಳು ಹೋದಳು.

ಪರೀಕ್ಷೆಯ ಆ ಎರಡು ದಿನ ಅವಳ ತಾಯಿ ಹೆರಿಗೆಗೆಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದರು, ಮನೆಯಲ್ಲಿ ಸಣ್ಣ ತಮ್ಮಂದಿರನ್ನು ನೋಡಿಕೊಳ್ಳಲು ಇವಳೊಬ್ಬಳೇ ಇದ್ದಳು ಎಂಬುದು ನನಗೆ ತಿಳಿದದ್ದು ತಿಂಗಳುಗಳ ಮೇಲೆ, ಬೇರೆ ಯಾರೋ ಮಾತಿನ ನಡುವೆ ಹೇಳಿದಾಗ. “ಅರ್ಧವಾರ್ಷಿಕಕ್ಕೆ ನೀನು ಬರಲಿಲ್ಲವಲ್ಲಮ್ಮ, ಅದಕ್ಕೆ” ಎಂದು ಅಂದು ಒಂದು ವಾಕ್ಯ ಹೇಳಿದ್ದರೆ ಅವಳು ಕಾರಣ ಹೇಳುತ್ತಿದ್ದಳು. ಪದಕ ಆಗಲೂ ಸಿಗುತ್ತಿತ್ತೋ ಇಲ್ಲವೋ, ನಿಯಮ ನಿಯಮವೇ. ಆದರೆ ನಾನು ಕಾರಣ ಮುಚ್ಚಿಟ್ಟದ್ದರಿಂದ ಅವಳಿಗೆ ನನ್ನ ಲೆಕ್ಕ ತಿಳಿಯಲಿಲ್ಲ, ನನಗೆ ಅವಳ ಲೆಕ್ಕ ತಿಳಿಯಲಿಲ್ಲ.

ಇದನ್ನು ಮಾರನೆಯ ದಿನ ಮೊಮ್ಮಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ. “ಆಮೇಲೆ ಸರಿ ಮಾಡಿದ್ರಾ?”

“ಇಲ್ಲ.”

ಅವನು ಏನೂ ಹೇಳದೆ ತಟ್ಟೆಗೆ ಸಾರು ಬಡಿಸಿಕೊಂಡ.

ಎರಡು ದಿನ ಕಳೆದ ಮೇಲೆ ಅವನೇ ಒಂದು ಯೋಜನೆ ತಂದ. ಮನೆಯಲ್ಲಿ ನಾವು ನಾಲ್ವರು. ನಾಲ್ಕರ ಮುಕ್ಕಾಲು ಮೂರು, ಅರ್ಧ ಮನುಷ್ಯನ ತೊಂದರೆಯೇ ಇಲ್ಲ. ನಮ್ಮದೇ ಸಮಿತಿ ಮಾಡೋಣ. ಹೊರಗೇ ಉಳಿದ ಆಟಗಾರರಿಗೆ ಮತ ಹಾಕೋಣ. ನಿಯಮ ಒಂದೇ. ಹೌದು ಎಂದರೂ ಇಲ್ಲ ಎಂದರೂ ಚೀಟಿಯಲ್ಲಿ ಕಾರಣ ಬರೆಯಬೇಕು. ಕಾರಣವಿಲ್ಲದ ಚೀಟಿ ಅಸಿಂಧು.

ಡಿಸೆಂಬರಿನ ಒಂದು ಭಾನುವಾರ, ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಉಪ್ಪಿಟ್ಟು ತಿಂದು ಸಭೆ ಕೂಡಿದೆವು. ಹೆಂಡರ್ಸನ್ ಜೊತೆಗೆ ಇಬ್ಬರು ಗೋಲ್‌ಕೀಪರುಗಳ ಹೆಸರಿತ್ತು, ಇಬ್ಬರೂ 2025ರ ಆಯ್ಕೆಯವರೆಗೆ ಹೊರಗೇ. ಕ್ರಿಸ್ ಆಸ್‌ಗುಡ್ 401 ಪಂದ್ಯ ಗೆದ್ದವರು, ಡೆಟ್ರಾಯಿಟ್ ತಂಡದಲ್ಲಿ ಮೂರು ಸ್ಟಾನ್ಲಿ ಕಪ್ ಕಂಡವರು. ಕರ್ಟಿಸ್ ಜೋಸೆಫ್ 454 ಗೆದ್ದವರು, ಒಂದೂ ಕಪ್ ಇಲ್ಲ. ಕಪ್ಪಿನ ಆಸೆಯಿಂದ 2002ರಲ್ಲಿ ಟೊರಾಂಟೊ ಬಿಟ್ಟು, ಆಗತಾನೆ ಕಪ್ ಗೆದ್ದಿದ್ದ ಅದೇ ಡೆಟ್ರಾಯಿಟ್‌ಗೆ ಹೋದರೆ, ಮರುವರ್ಷ ಆ ತಂಡ ಮೊದಲ ಸುತ್ತಿನಲ್ಲೇ ಸೋತಿತು.

ಇಲ್ಲಿ ನಡೆದ ಚರ್ಚೆ ನಿಮ್ಮ ಮನೆಯಲ್ಲೂ ನಡೆದಿರುತ್ತದೆ. ಎಲ್ಲ ಅನುಕೂಲ ಇರುವ ಶಾಲೆಯಲ್ಲಿ ಓದಿ ತೊಂಬತ್ತು ತೆಗೆದವನು ಹೆಚ್ಚೋ, ಮೇಷ್ಟರೇ ಇಲ್ಲದ ಶಾಲೆಯಲ್ಲಿ ಓದಿ ಎಂಬತ್ತು ತೆಗೆದವನು ಹೆಚ್ಚೋ? ಮೊಮ್ಮಗ ಆಸ್‌ಗುಡ್ ಪರ. ಒಳ್ಳೆಯ ತಂಡ ಸಿಕ್ಕಿದ್ದು ಅವರ ತಪ್ಪಲ್ಲ, ಸಿಕ್ಕಿದ್ದನ್ನು ಕೆಡಿಸದಿರುವುದೂ ಯೋಗ್ಯತೆಯೇ ಎಂದು ಬರೆದ. ಅಳಿಯಂದಿರು ಜೋಸೆಫ್ ಚೀಟಿಯಲ್ಲಿ “ನನಗೆ ಇಷ್ಟ” ಎಂದಷ್ಟೇ ಬರೆದಿದ್ದರು. ಮಗ ಅದನ್ನು ಅಸಿಂಧು ಎಂದು ತಿರುಗಿಸಿ ಕೊಟ್ಟ. ಅಪ್ಪ ಎಂಬ ಮುಲಾಜೂ ನೋಡಲಿಲ್ಲ. ಅವರು ಐದು ನಿಮಿಷ ಯೋಚಿಸಿ, “943 ಪಂದ್ಯ, ಆರು ತಂಡ, ಹೋದ ಕಡೆಯೆಲ್ಲ ಭಾರ ಹೊತ್ತವರು” ಎಂದು ಬರೆದುಕೊಟ್ಟರು. ಜೋಸೆಫ್‌ಗೆ ಮೂರು ಮತ ಬಿತ್ತು. ನಮ್ಮ ಮನೆಯ ಮಟ್ಟಿಗೆ ಅವರು ಒಳಗೆ. ಆಸ್‌ಗುಡ್‌ಗೆ ಒಂದೇ.

ಹೆಂಡರ್ಸನ್‌ಗೆ ಎರಡು. ನನ್ನದೂ ಮಗಳದೂ. ಅಂದರೆ ಹೊರಗೆ. ಮೊಮ್ಮಗನ ಚೀಟಿ ಬಿಡಿಸಿ ನೋಡಿದೆ. ‘ಇಲ್ಲ’ ಎಂಬುದರ ಕೆಳಗೆ, ನನಗೆ ಅರ್ಥವಾಗಲೆಂದು ತನ್ನ ವಕ್ರ ಕನ್ನಡ ಅಕ್ಷರದಲ್ಲಿ ಬರೆದಿದ್ದ: “ಎಲ್ಲಾ ಪೇಪರ್ ಬರೆದರು. ಗೈ ಅಲ್ಲ. 236 ಸಾಲದು. ಆದರೆ ಆ ಗೋಲು ತುಂಬಾ ಒಳ್ಳೇದು.”

ನಾನು ಸೋತಿದ್ದೆ, ಆದರೂ ಬೇಸರವಾಗಲಿಲ್ಲ. ಯಾಕೆ ಸೋತೆ ಎಂದು ಗೊತ್ತಿತ್ತು. ಮುಂದಿನ ವರ್ಷ ಬೇಕಾದರೆ ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಬರಬಹುದು.

ಇದನ್ನು ಓದುತ್ತಿರುವ ಮಕ್ಕಳಿಗೆ ಹೇಳುವುದಿಷ್ಟೆ. ಪದಕ, ತಂಡ, ಸೀಟು, ಯಾವುದು ಕೈತಪ್ಪಿದರೂ ಯಾಕೆ ಎಂದು ಕೇಳಿ, ಕೇಳುವುದು ಉದ್ಧಟತನವಲ್ಲ. ದೊಡ್ಡವರಿಗೆ ಇನ್ನೂ ಸಣ್ಣ ಮಾತು. ಕೇಳಿದಾಗ ತಲೆ ಎತ್ತಿ ಕಾರಣ ಹೇಳಿ. ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು, ಎಲ್ಲಿದ್ದಾಳೋ ತಿಳಿಯದು. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಕಾರಣ ಇದಮ್ಮ: ಗೈರುಹಾಜರಿಯನ್ನು ನಾನು ಸೊನ್ನೆ ಎಂದು ಕೂಡಿದೆ.